ಆಂಬ್ಯುಲೆನ್ಸ್ ಬರುವ ಮೊದಲಿನ ಹತ್ತು ನಿಮಿಷ

ಮನೆಯಲ್ಲಿ ಯಾರಾದರೂ ಕುಸಿದು ಬಿದ್ದರೆ, ಮೈಗೆ ಬೆಂಕಿ ತಗುಲಿದರೆ, ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ನಾವು ಮೊದಲು ಫೋನಿಗೆ ಕೈ ಹಾಕುತ್ತೇವೆ. ಅದು ಸರಿಯೇ. ಆದರೆ ಕರೆ ಮಾಡಿದ ಮೇಲೆ ನಮ್ಮ ಕೆಲಸ ಮುಗಿಯಿತು, ಇನ್ನೇನಿದ್ದರೂ ಬರುವವರ ಹೊಣೆ ಎಂದುಕೊಂಡರೆ ತಪ್ಪಾಗುತ್ತದೆ. ಹೃದಯ ಬಡಿತ ನಿಂತು ಮೆದುಳಿಗೆ ರಕ್ತ ಹೋಗದಿದ್ದರೆ ನಾಲ್ಕೈದು ನಿಮಿಷಗಳಲ್ಲೇ ಅದಕ್ಕೆ ಹಾನಿಯಾಗತೊಡಗುತ್ತದೆ. ಎಷ್ಟೇ ಬೇಗ ಹೊರಟರೂ ಆಂಬ್ಯುಲೆನ್ಸ್ ಅಷ್ಟರೊಳಗೆ ಎಲ್ಲ ಮನೆಗಳನ್ನೂ ತಲುಪಲಾರದು. ಆ ನಿಮಿಷಗಳಲ್ಲಿ ಪಕ್ಕದಲ್ಲಿರುವವರೇ ಮೊದಲ ರಕ್ಷಕರು. ಅವರು ಏನು ಮಾಡಿದರು, ಏನು ಮಾಡದೆ ಬಿಟ್ಟರು ಎಂಬುದರ ಮೇಲೆ ಮುಂದಿನ ಚಿಕಿತ್ಸೆಯ ಫಲ ನಿಂತಿರುತ್ತದೆ. ತುರ್ತು ಸೇವೆಯ ಸಿಬ್ಬಂದಿ ನಮ್ಮಿಂದ ಏನನ್ನು ಬಯಸುತ್ತಾರೆ ಎಂಬುದನ್ನು ಮೊದಲೇ ತಿಳಿದಿದ್ದರೆ ಗಾಬರಿಯಲ್ಲೂ ಕೈ ಓಡುತ್ತದೆ.

ಕರೆ ಮಾಡುವಾಗ

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಸೇವೆ 2008ರ ನವೆಂಬರ್‌ನಿಂದ ಇದೆ. ಇದು ಉಚಿತ. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಯಾವುದೇ ಬೇಕಾದರೂ 112ಕ್ಕೆ ಕರೆ ಮಾಡಬಹುದು. ಅಡುಗೆ ಅನಿಲ ಸೋರಿದರೆ 1906.

ಕರೆ ಎತ್ತಿಕೊಂಡವರಿಗೆ ಮೊದಲು ಬೇಕಾದುದು ಜಾಗ. "ಬೇಗ ಬನ್ನಿ, ಬೇಗ ಬನ್ನಿ" ಎಂದು ಕೂಗಿದರೆ ವಾಹನ ಹೊರಡುವುದಿಲ್ಲ. ಊರು, ಬಡಾವಣೆ, ಹತ್ತಿರದ ಶಾಲೆ, ಮಸೀದಿ, ನ್ಯಾಯಬೆಲೆ ಅಂಗಡಿ ಅಥವಾ ಪೆಟ್ರೋಲ್ ಬಂಕ್ ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಗುರುತು ಹೇಳಿ. ನಂತರ ಏನಾಗಿದೆ, ಎಷ್ಟು ಜನರಿಗೆ ಆಗಿದೆ, ಉಸಿರಾಟ ಇದೆಯೇ ಎಂದು ತಿಳಿಸಿ. ಅವರು ಸಾಕು ಎನ್ನುವವರೆಗೆ ಫೋನ್ ಇಡಬೇಡಿ. ಕರೆ ಮಾಡಿದ ಫೋನಿನಿಂದ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುತ್ತ ಕೂರಬೇಡಿ. ದಾರಿ ಕೇಳಲು ಚಾಲಕರು ಅದೇ ನಂಬರಿಗೆ ಕರೆ ಮಾಡುತ್ತಾರೆ.

ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರನ್ನು ಮುಖ್ಯ ರಸ್ತೆಗೆ ಕಳುಹಿಸಿ. ಓಣಿಯಲ್ಲಿ ಅಡ್ಡ ನಿಂತಿರುವ ಬೈಕುಗಳನ್ನು ಸರಿಸಲಿ, ಗೇಟು ತೆರೆದಿಡಲಿ, ರಾತ್ರಿಯಾದರೆ ಹೊರಗಿನ ದೀಪ ಹಾಕಲಿ. 108ರ ವಾಹನದಲ್ಲಿ ಸಾಮಾನ್ಯವಾಗಿ ಬರುವವರು ಇಬ್ಬರೇ: ವಾಹನ ಓಡಿಸುವವರು ಮತ್ತು ತುರ್ತು ಚಿಕಿತ್ಸೆ ನೀಡುವವರು. ಮೂರನೇ ಮಹಡಿಯಿಂದ ರೋಗಿಯನ್ನು ಇಳಿಸಲು ಅವರಿಗೆ ಅಕ್ಕಪಕ್ಕದವರ ಕೈ ಬೇಕು; ಸುತ್ತ ನಿಂತು ಮೊಬೈಲ್‌ನಲ್ಲಿ ಚಿತ್ರ ತೆಗೆಯುವ ಗುಂಪು ಬೇಡ. ರೋಗಿ ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನೂ ಹಳೆಯ ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿ ಕೊಡಿ.

ಕುಸಿದು ಬಿದ್ದಾಗ

ಭುಜ ತಟ್ಟಿ ಕರೆದರೂ ಓಗೊಡದಿದ್ದರೆ ಉಸಿರಾಟ ನೋಡಿ. ಉಸಿರಾಟ ಸರಿಯಾಗಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ವಾಂತಿಯಾದರೂ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯ ಇದರಿಂದ ಕಡಿಮೆಯಾಗುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸಕ್ಕರೆ, ಮಾತ್ರೆ ಯಾವುದನ್ನೂ ಹಾಕಬಾರದು. ನೀರು ಶ್ವಾಸಕೋಶಕ್ಕೆ ಹೋದರೆ ಒಂದು ಕಷ್ಟಕ್ಕೆ ಇನ್ನೊಂದು ಸೇರುತ್ತದೆ.

ಉಸಿರಾಟ ಇಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆದಂತೆ ಮಾತ್ರ ಇದ್ದರೆ, ಸಿಪಿಆರ್ ಶುರು ಮಾಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಒಂದು ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ ಒತ್ತಿ. ದೊಡ್ಡವರಿಗೆ ಸುಮಾರು 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ.

ಕುಸಿದವರು ಹೆಣ್ಣಾಗಿದ್ದರೆ ಮುಟ್ಟಲು ಹಿಂಜರಿದು ಹೊತ್ತು ಕಳೆಯುವುದುಂಟು. ಎದೆ ಒತ್ತಲು ಉಡುಪು ತೆಗೆಯಬೇಕಿಲ್ಲ, ಬಟ್ಟೆಯ ಮೇಲಿನಿಂದಲೇ ಒತ್ತಬಹುದು. ಮನೆಯ ಹೆಂಗಸರು ಇದನ್ನು ಕಲಿತಿದ್ದರೆ ಯಾರನ್ನೂ ಕಾಯಬೇಕಾಗಿಲ್ಲ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. ಹಲ್ಲುಗಳ ನಡುವೆ ಚಮಚ ತುರುಕುವುದು ಅಪಾಯ. ಸುತ್ತಲಿನ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. "ಮಲಗಿ ಎದ್ದರೆ ಸರಿಹೋಗುತ್ತದೆ" ಎಂದು ಬೆಳಗಿನವರೆಗೆ ಕಾದರೆ ಆ ಅವಕಾಶ ಕೈತಪ್ಪುತ್ತದೆ.

ಗಂಟಲಲ್ಲಿ ಸಿಕ್ಕಿಕೊಂಡಾಗ

ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ, ಬೆನ್ನ ಮೇಲೆ ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಸಲ ಬಲವಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದೆ ನಿಂತು, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, 5 ಸಲ ಒಳಕ್ಕೂ ಮೇಲಕ್ಕೂ ಒತ್ತಿ. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ಮೇಲೆ ಒತ್ತಬೇಕು. ಒಂದು ವರ್ಷದೊಳಗಿನ ಕೂಸಿಗೂ ಹೊಟ್ಟೆ ಒತ್ತಬಾರದು. ಮುಂದೋಳಿನ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ ಬೆನ್ನಿಗೆ 5 ಪೆಟ್ಟು, ನಂತರ ಅಂಗಾತ ತಿರುಗಿಸಿ ಎರಡು ಬೆರಳಿನಿಂದ ಎದೆಯ ನಡುವೆ 5 ಸಲ ಒತ್ತಿ. ಕಾಣಿಸದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಅಡುಗೆಮನೆಯಲ್ಲಿ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದಾಗ ನೆಲದ ಮಟ್ಟದಲ್ಲಿ ಹರಡುತ್ತದೆ. ವಾಸನೆ ಬಂದರೆ ಲೈಟ್ ಹಾಕಬೇಡಿ, ಉರಿಯುತ್ತಿರುವ ಲೈಟನ್ನು ಆರಿಸಲೂಬೇಡಿ. ಎಕ್ಸಾಸ್ಟ್ ಫ್ಯಾನ್ ಸಹ ಬೇಡ. ಸ್ವಿಚ್ಚಿನ ಒಂದು ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆತಂದು, ಆಮೇಲೆ ಹೊರಗಿನಿಂದ ಫೋನ್ ಮಾಡಿ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಉರಿಯುವ ಎಣ್ಣೆ ಸಿಡಿದು ಹರಡುತ್ತದೆ. ಒಲೆ ಆರಿಸಿ ಮುಚ್ಚಳ ಮುಚ್ಚಿ. ಬಟ್ಟೆಗೆ ಬೆಂಕಿ ಹಿಡಿದರೆ ಓಡಬೇಡಿ, ಓಡಿದಷ್ಟೂ ಗಾಳಿಗೆ ಉರಿ ಹೆಚ್ಚುತ್ತದೆ. ನೆಲದ ಮೇಲೆ ಹೊರಳಿ, ಅಥವಾ ದಪ್ಪ ಹತ್ತಿ ಕಂಬಳಿ ಹೊದಿಸಿ.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ಅರಿಶಿನ, ಐಸ್ ಹಚ್ಚಿಕೊಂಡು ಬರುವವರು ಇಂದಿಗೂ ಇದ್ದಾರೆ. ಆಸ್ಪತ್ರೆಯಲ್ಲಿ ಅದನ್ನೆಲ್ಲ ಉಜ್ಜಿ ತೆಗೆಯುವಾಗ ಆಗುವ ನೋವು ಸಣ್ಣದಲ್ಲ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ. ಗುಳ್ಳೆ ಒಡೆಯಬೇಡಿ.

ರಸ್ತೆಯಲ್ಲಿ

ಬೈಕಿನ ಹಿಂದೆ ಕುಳಿತವರ ದುಪ್ಪಟ್ಟಾ, ಸೀರೆಯ ಸೆರಗು, ಬುರ್ಖಾದ ಅಂಚು ಚಕ್ರಕ್ಕೆ ಸಿಕ್ಕಿದರೆ ಕ್ಷಣದಲ್ಲಿ ಕೆಳಗೆಳೆಯುತ್ತದೆ. ಅದಕ್ಕಾಗಿಯೇ ಹಿಂದಿನ ಚಕ್ರಕ್ಕೆ ರಕ್ಷಾ ಕವಚ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅಂದಕ್ಕೆಂದು ಅದನ್ನು ಬಿಚ್ಚಿಸಬೇಡಿ. ಹತ್ತುವ ಮೊದಲು ಬಟ್ಟೆಯನ್ನು ಒಟ್ಟುಗೂಡಿಸಿಕೊಂಡು ಕುಳಿತುಕೊಳ್ಳಿ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯದಿದ್ದರೆ ಬಿದ್ದಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ.

ಅಪಘಾತ ಕಂಡರೆ ಪೊಲೀಸ್, ಕೋರ್ಟು ಎಂದು ಹೆದರಿ ಮುಂದೆ ಹೋಗಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಕುತ್ತಿಗೆ, ಬೆನ್ನಿಗೆ ಪೆಟ್ಟು ಬಿದ್ದಿರಬಹುದು ಎನಿಸಿದರೆ ಎತ್ತಿ ಆಟೋಗೆ ತುರುಕಬೇಡಿ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಇದ್ದಲ್ಲೇ ಇರಲಿ. ಆಂಬ್ಯುಲೆನ್ಸ್‌ಗೆ ದಾರಿ ಬಿಡದಿರುವುದಕ್ಕೆ ಅದೇ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡವಿದೆ.

ಈ ವಾರ ಮಾಡಬೇಕಾದ ಕೆಲಸ

• 108, 112, 1906 ಮತ್ತು ಮನೆಯ ಪೂರ್ತಿ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.
• ಮನೆಯ ಹಿರಿಯರ ಕಾಯಿಲೆ, ಮಾತ್ರೆ, ಆಗದ ಔಷಧಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ.
• ಗ್ಯಾಸ್ ಪೈಪಿನ ಮೇಲಿನ ದಿನಾಂಕ ನೋಡಿ. 5 ವರ್ಷ ಆಗಿದ್ದರೆ ಬದಲಿಸಿ. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ.
• ಬಚ್ಚಲಿನ ಬಕೆಟ್‌ನಲ್ಲಿ ನೀರು ತುಂಬಿಸಿಡಬೇಡಿ. ಅಂಬೆಗಾಲಿಡುವ ಮಗು ತಲೆಕೆಳಗಾಗಿ ಬಿದ್ದರೆ ಸ್ವಲ್ಪ ನೀರೂ ಸಾಕು.
• ಮೆಟ್ಟಿಲ ಮೇಲಿನ ಸಾಮಾನು, ಚಪ್ಪಲಿ ರಾಶಿ ತೆಗೆದು ಸ್ಟ್ರೆಚರ್ ಹೋಗುವಷ್ಟು ದಾರಿ ಮಾಡಿ.
• ಮಕ್ಕಳಿಗೆ ತಂದೆತಾಯಿಯ ಹೆಸರು, ಮನೆಯ ವಿಳಾಸ, ಹತ್ತಿರದ ಗುರುತು ಹೇಳಿಕೊಡಿ. ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗು ಇಬ್ಬರೇ ಇರುವ ಹೊತ್ತಿನಲ್ಲಿ ಅಜ್ಜಿ ಬಿದ್ದರೆ ಕರೆ ಮಾಡಬೇಕಾದದ್ದು ಆ ಮಗುವೇ.