ಮಳೆನಕ್ಷತ್ರ ಮಳೆಯನ್ನು ತರುವುದೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆ ರೈತರು ಇಂದಿಗೂ ರೋಹಿಣಿ, ಮೃಗಶಿರ, ಆರಿದ್ರೆಗಳ ಹೆಸರಿನಿಂದಲೇ ಮಳೆಯನ್ನು ಎಣಿಸುತ್ತಾರೆ. ಅದು ಹಿರಿಯರ ಶಾಸ್ತ್ರವೆಂದು ತಂದೆ ಹೇಳಿದರೆ, ಬರಿಯ ಮೂಢನಂಬಿಕೆಯೆಂದು ಕಾಲೇಜು ಓದುವ ಮಗ ಹೇಳುವುದುಂಟು. ಯಾರ ಮಾತು ನಿಜ? ಪರಿಶೀಲಿಸೋಣ.

ಸೂರ್ಯನು ವರ್ಷಕ್ಕೊಮ್ಮೆ 27 ನಕ್ಷತ್ರಗಳನ್ನು ಹಾದುಹೋಗುವಂತೆ ನಮಗೆ ತೋರುತ್ತಾನೆ. ಒಂದೊಂದರಲ್ಲಿ ಸುಮಾರು ಹದಿಮೂರೂವರೆ ದಿನ. ಋತುಗಳೂ ಸೂರ್ಯನನ್ನೇ ಅನುಸರಿಸುವುದರಿಂದ ಮಳೆನಕ್ಷತ್ರಗಳ ಎಣಿಕೆಯು ಒಂದು ಸೌರ ಪಂಚಾಂಗವೇ ಸರಿ. ಜೂನ್ 8ರ ಸುಮಾರಿಗೆ ಮೃಗಶಿರ ಹುಟ್ಟುವುದು; ಮುಂಗಾರು ನಮ್ಮ ನಾಡನ್ನು ಮುಟ್ಟುವುದೂ ಸಾಮಾನ್ಯವಾಗಿ ಆ ದಿನಗಳಲ್ಲಿಯೇ.

ಆದರೆ ಪಂಚಾಂಗ ಒಂದೇ ಆದರೂ ಚನ್ನಗಿರಿಗಿಂತ ಜಗಳೂರಿನಲ್ಲಿ ಮಳೆ ಕಡಮೆ. ಇದಕ್ಕೆ ಕಾರಣ ನಕ್ಷತ್ರವಲ್ಲ. ಕಡಲ ಗಾಳಿಯು ಪಶ್ಚಿಮ ಘಟ್ಟವನ್ನೇರುವಾಗಲೇ ಬಹುಪಾಲು ನೀರನ್ನು ಸುರಿಸಿ, ಪೂರ್ವಕ್ಕೆ ಸಾಗಿದಂತೆ ಒಣಗುತ್ತದೆ. ಮೇಲಾಗಿ, ಭೂಮಿಯ ಅಕ್ಷವು ಬುಗುರಿಯಂತೆ ಓಲಾಡುವುದರಿಂದ ಈ ನಕ್ಷತ್ರಗಳ ಕಾಲವು ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಋತುವಿನಿಂದ ಸರಿಯುತ್ತಿದೆ.

ಆದುದರಿಂದ ನಕ್ಷತ್ರವು ಕಾಲವನ್ನು ತಿಳಿಸುವುದು, ಮಳೆಯ ಪ್ರಮಾಣವನ್ನಲ್ಲ. ಬಿತ್ತಿದ ಬೀಜ ಒಣಗಿದರೆ ರೈತನಿಗೆ ಉಳಿಯುವುದು ಸಾಲವೊಂದೇ. ಬಿತ್ತುವ ಮುನ್ನ ಮಣ್ಣಿನ ಹಸಿಯನ್ನೂ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ನೋಡುವುದು ಲೇಸು. ತಂದೆಯ ಎಣಿಕೆಗೆ ಬೆಲೆಯುಂಟು. ಮಗನ ಸಂದೇಹಕ್ಕೂ ಉಂಟು.