ಸಾಫ್ಟ್‌ವೇರ್ ಕೆಲಸದ ಅಳತೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಹೊಲಿಗೆ, ಸಂಗೀತ, ಆರೋಗ್ಯ ಮುಂತಾದ ವಿಷಯಗಳ ಮೇಲೆ ಲೇಖಗಳನ್ನು ಓದಿ ರೂಢಿಯಾದ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಈ ತಲೆಬರಹವು ಆಶ್ಚರ್ಯವನ್ನುಂಟುಮಾಡಬಹುದು. ಆದರೆ ಇದನ್ನು ಬರೆಯಲು ಕಾರಣವುಂಟು.

ಕಳೆದ ಮಳೆಗಾಲದ ಆರಂಭದಲ್ಲಿ ಖಾನಾಪುರ ತಾಲೂಕಿನ ಒಬ್ಬ ತಾಯಿಯವರು ತಮ್ಮ ಕಿರಿಯ ಮಗಳ ಪ್ರವೇಶಕ್ಕಾಗಿ ನನ್ನ ಕೋಣೆಗೆ ಬಂದಿದ್ದರು. ಅರ್ಜಿಯ ಕೆಲಸ ತೀರಿದ ಮೇಲೆಯೂ ಅವರು ಏಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕೋರೇ, ನಮ್ಮ ಹಿರಿಯವಳು ನಿಮ್ಮ ಕೈಯಲ್ಲಿಯೇ ಕಲಿತವಳು. ಈಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಲ್ಲಿ ಕುಳಿತು ಮಾಡುತ್ತಾಳೆ. ಬಲಗೈಯಿಂದ ರೊಟ್ಟಿ ಮುರಿಯುತ್ತಾಳೆ, ಎಡಗೈಯಿಂದ ಮೌಸನ್ನು ಅಲುಗಿಸುತ್ತಲೇ ಇರುತ್ತಾಳೆ. ಕೇಳಿದರೆ, ಬಿಟ್ಟರೆ ಹಸಿರು ಚುಕ್ಕೆ ಆರಿಹೋಗುತ್ತದೆ ಅನ್ನುತ್ತಾಳೆ. ಇದೆಂಥ ಕೆಲಸ?" ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಕ್ರಿಸ್ಮಸ್ ರಜೆಯಲ್ಲಿ ಆ ಮಗಳು ತಾನೇ ಬಂದು ಎರಡು ತಾಸು ಕುಳಿತು ನನಗೆ ಎಲ್ಲವನ್ನು ವಿವರಿಸಿದಳು. ಆ ಮೇಲೆ ನಾನೂ ಕೆಲವು ಬರಹಗಳನ್ನು ಓದಿದೆನು. ತಿಳಿದದ್ದನ್ನು ಇಲ್ಲಿ ಸಂಗ್ರಹಿಸಿರುತ್ತೇನೆ. ನಮ್ಮ ಊರಿನಲ್ಲಿ ೧೯೭೯ರಲ್ಲಿ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವೂ ೧೯೯೮ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಸ್ಥಾಪಿತವಾದಂದಿನಿಂದ ನಮ್ಮ ಎಷ್ಟೋ ಬಾಲಕಿಯರು ಈ ಉದ್ಯೋಗಕ್ಕೆ ಹೋಗಿರುವರು. ಅವರ ದುಡಿಮೆಯು ಹೇಗೆ ಅಳೆಯಲ್ಪಡುತ್ತಿದೆ ಎಂಬದನ್ನು ಹೆತ್ತವರು ಅರಿತಿರುವದು ಒಳ್ಳೇದು.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಸಾಫ್ಟ್‌ವೇರ್ ಎಂದರೆ ಗಣಕಯಂತ್ರವು ನಡೆದುಕೊಳ್ಳಬೇಕಾದ ರೀತಿಯನ್ನು ಸಾಲುಸಾಲಾಗಿ ಬರೆದಿಟ್ಟ ಆಜ್ಞೆಗಳ ಗ್ರಂಥ. ದೊಡ್ಡ ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಇಂಥ ಸಾಲುಗಳು ಲಕ್ಷಗಟ್ಟಲೆ ಇರುವವು. ಅದನ್ನು ಹಲವರು ತಂಡ ಕಟ್ಟಿಕೊಂಡು ಬರೆಯುವರು. ಎಲ್ಲರೂ ಒಂದೇ ಗ್ರಂಥವನ್ನು ತಿದ್ದುವಾಗ ಗೊಂದಲವಾಗದಂತೆ ಫಿನ್ಲಂಡಿನಲ್ಲಿ ಹುಟ್ಟಿದ ಲಿನಸ್ ಟೊರ್ವಾಲ್ಡ್ಸ್ ಎಂಬವರು ೨೦೦೫ರಲ್ಲಿ ಗಿಟ್ ಎಂಬ ಸಾಧನವನ್ನು ರಚಿಸಿದರು. ಯಾರು, ಯಾವ ಗಳಿಗೆಯಲ್ಲಿ, ಯಾವ ಸಾಲನ್ನು ಸೇರಿಸಿದರು, ಯಾವದನ್ನು ಅಳಿಸಿದರು ಎಂಬದೆಲ್ಲವೂ ಅದರ ದಫ್ತರದಲ್ಲಿ ದಾಖಲಾಗುವದು. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಓದಿ ಒಪ್ಪಿದ ಮೇಲೆಯೇ ಅದು ಮೂಲಗ್ರಂಥದಲ್ಲಿ ಸೇರುವದು. ಯಾವ ಕೆಲಸವು ಯಾರ ಪಾಲಿಗಿದೆ, ಎಷ್ಟು ಮುಗಿದಿದೆ ಎಂಬ ಪಟ್ಟಿಯನ್ನು ೨೦೦೨ರಲ್ಲಿ ಹೊರಬಂದ ಜಿರಾ ಮೊದಲಾದ ಸಾಧನಗಳು ಇಡುವವು.

ಹೀಗೆ ಕೆಲಸ ನಡೆದಂತೆ ತಾನಾಗಿಯೇ ಅದರ ಹೆಜ್ಜೆಗುರುತು ಉಳಿಯುವದು. ಲಿನಿಯರ್‌ಬಿ, ಜೆಲ್ಲಿಫಿಶ್ ಮುಂತಾದ ವಿಶ್ಲೇಷಕ ಸಾಧನಗಳು ಈ ದಫ್ತರಗಳನ್ನು ಓದಿ, ಲೆಕ್ಕ ಕೂಡಿಸಿ, ನಕ್ಷೆಗಳ ರೂಪದಲ್ಲಿ ಮೇಲಧಿಕಾರಿಗಳ ಪರದೆಯ ಮೇಲೆ ತೋರಿಸುವವು. ಶಾಲೆಯ ಹಾಜರಿ ಪುಸ್ತಕ, ಗುಣಪತ್ರಿಕೆ, ತಪಾಸಣೆಯ ವರದಿ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದಂತೆ ಎನ್ನಬಹುದು.

ಈ ಲೆಕ್ಕಗಳಲ್ಲಿ ವಿಚಾರಪೂರ್ವಕವಾದವು ಉಂಟು. ನಿಕೋಲ್ ಫೋರ್ಸ್‌ಗ್ರೆನ್, ಜೆಜ್ ಹಂಬಲ್, ಜೀನ್ ಕಿಮ್ ಎಂಬ ಮೂವರು ಅನೇಕ ವರ್ಷ ಸಾವಿರಾರು ಜನರನ್ನು ಪ್ರಶ್ನಿಸಿ ೨೦೧೮ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ನಾಲ್ಕು ಅಳತೆಗಳಿವೆ. ತಂಡವು ಹೊಸ ತಿದ್ದುಪಡಿಗಳನ್ನು ಎಷ್ಟು ಸಾರೆ ಬಳಕೆದಾರರಿಗೆ ಮುಟ್ಟಿಸುತ್ತದೆ ಎಂಬದು ಮೊದಲನೆಯದು. ಬರೆದ ತಿದ್ದುಪಡಿಯು ಬಳಕೆಗೆ ಬರಲು ಹಿಡಿಯುವ ಕಾಲ ಎರಡನೆಯದು. ನೂರು ತಿದ್ದುಪಡಿಗಳಲ್ಲಿ ಕೆಟ್ಟುಹೋದವು ಎಷ್ಟೆಂಬದು ಮೂರನೆಯದು. ಕೆಟ್ಟದ್ದು ಸರಿಹೋಗಲು ಎಷ್ಟು ಹೊತ್ತು ಬೇಕೆಂಬದು ನಾಲ್ಕನೆಯದು. ಮೊದಲೆರಡು ವೇಗವನ್ನೂ ಕೊನೆಯೆರಡು ಭದ್ರತೆಯನ್ನೂ ಅಳೆಯುವವು. ಒಳ್ಳೆಯ ತಂಡಗಳಲ್ಲಿ ವೇಗವೂ ಭದ್ರತೆಯೂ ಜೊತೆಗೂಡಿಯೇ ಇರುವವೆಂಬದು ಅವರು ಕಂಡುಕೊಂಡ ಮುಖ್ಯ ಸಂಗತಿ. ಮರೆಯಬಾರದ ಮಾತೇನಂದರೆ, ಈ ನಾಲ್ಕೂ ತಂಡದ ಅಳತೆಗಳು. ಒಬ್ಬೊಬ್ಬ ವ್ಯಕ್ತಿಯನ್ನು ತೂಗುವದಕ್ಕೆ ಹುಟ್ಟಿದವುಗಳಲ್ಲ.

ಕೇಡು ಹುಟ್ಟುವದು ಎಣಿಸಲು ಸುಲಭವಾದದ್ದನ್ನೇ ಎಣಿಸತೊಡಗಿದಾಗ. ಎಲ್ಲಕ್ಕೂ ಸುಲಭವಾದದ್ದು ಬರೆದ ಸಾಲುಗಳ ಲೆಕ್ಕ. ೧೯೮೨ರಲ್ಲಿ ಅಮೇರಿಕೆಯ ಆಪಲ್ ಕಂಪನಿಯಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಎಷ್ಟು ಸಾಲು ಬರೆದೆವೆಂದು ಒಂದು ಫಾರ್ಮಿನಲ್ಲಿ ತುಂಬಿ ಕೊಡಬೇಕಾಗಿತ್ತು. ಬಿಲ್ ಅಟ್ಕಿನ್ಸನ್ ಎಂಬ ನಿಪುಣರು ಆ ವಾರ ಚಿತ್ರ ಬಿಡಿಸುವ ಭಾಗವೊಂದನ್ನು ಹೊಸದಾಗಿ ರಚಿಸಿ, ಅದು ಮೊದಲಿಗಿಂತ ಬಹಳ ವೇಗವಾಗಿ ನಡೆಯುವಂತೆ ಮಾಡಿದ್ದರು; ಅದರೊಂದಿಗೆ ಸುಮಾರು ೨,೦೦೦ ಸಾಲುಗಳನ್ನು ಕಡಿಮೆಮಾಡಿದ್ದರು. ಅವರು ಫಾರ್ಮಿನಲ್ಲಿ "ಋಣ ೨,೦೦೦" ಎಂದು ತುಂಬಿದರು. ಕೆಲವು ವಾರಗಳ ತರುವಾಯ ಅವರಿಂದ ಫಾರ್ಮು ಕೇಳುವದನ್ನೇ ಬಿಟ್ಟರಂತೆ.

ಖಾನಾಪುರದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯ ಕೆಂಪು ಮಣ್ಣಿನ ಹಂಚು, ಇಟ್ಟಿಗೆ, ಮಡಕೆಗಳು ಹೆಸರಾದವು. ಅಂಗಳದಲ್ಲಿ ಒಣಹಾಕಿದ ಹಸಿ ಇಟ್ಟಿಗೆಗಳನ್ನು ಎಣಿಸುವದು ಸುಲಭ. ಆದರೆ ಭಟ್ಟಿಯಿಂದ ಸೀಳದೆ ಸೊಟ್ಟಾಗದೆ ಹೊರಬಂದು ಗೋಡೆಯಲ್ಲಿ ನಿಂತವುಗಳಿಗೇ ಬೆಲೆ. ಹಸಿ ಇಟ್ಟಿಗೆಯ ಲೆಕ್ಕಕ್ಕೆ ಕೂಲಿ ಕೊಟ್ಟರೆ ಮಣ್ಣನ್ನು ಚೆನ್ನಾಗಿ ತುಳಿಯುವವನು ಹಿಂದೆ ಬೀಳುವನು. ಅವಸರದವನು ಮುಂದೆ ಬರುವನು. ತಪ್ಪು ತಿಳಿಯುವದು ಮಳೆಗಾಲದಲ್ಲಿ ಗೋಡೆ ಕರಗಿದಾಗ.

ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞರು ೧೯೭೫ರಲ್ಲಿ ಹಣಕಾಸಿನ ನೀತಿಯ ಸಂಬಂಧದಲ್ಲಿ ಇದೇ ತತ್ವವನ್ನು ಹೇಳಿದರು. ೧೯೯೭ರಲ್ಲಿ ಮೆರಿಲಿನ್ ಸ್ಟ್ರಾಥರ್ನ್ ಎಂಬ ವಿದುಷಿಯು ಅದನ್ನು ಎಲ್ಲ ಬಗೆಯ ಮೌಲ್ಯಮಾಪನಕ್ಕೂ ವಿಸ್ತರಿಸಿದರು. ಅದರ ಸಾರವಿಷ್ಟು: ಅಳತೆಗೋಲನ್ನೇ ಗುರಿಯಾಗಿ ಇಟ್ಟರೆ, ಜನರು ಗುರಿಯನ್ನು ಮುಟ್ಟುವರು, ಅಳತೆಗೋಲು ಮಾತ್ರ ಸುಳ್ಳಾಗುವದು.

ಶಿಕ್ಷಕ ವರ್ಗದವರಾದ ನಮಗೆ ಇದು ಹೊಸದಲ್ಲ. ಇಂಗ್ಲಂಡಿನಲ್ಲಿ ೧೮೬೨ರ ನಿಯಮದಂತೆ, ತಪಾಸಣೆಯ ದಿನ ಪ್ರತಿಯೊಂದು ಮಗುವು ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದದ್ದನ್ನು ಎಣಿಸಿ ಶಾಲೆಗೆ ಹಣ ಕೊಡುವ ಪದ್ಧತಿ ಬಂದಿತು. ಬೆಳಗಾವಿಯು ಆಗ ಸೇರಿದ್ದ ಮುಂಬಯಿ ಇಲಾಖೆಯಲ್ಲಿಯೂ ಫಲಿತಾಂಶವನ್ನು ನೋಡಿ ಅನುದಾನ ಕೊಡುವ ಕ್ರಮವು ಆ ಶತಮಾನದಲ್ಲಿಯೇ ರೂಢಿಯಾಯಿತು. ಮಿಶನ್ ಶಾಲೆಗಳೂ ಅದಕ್ಕೊಳಪಟ್ಟವು. ಪರಿಣಾಮವೇನು? ಮಕ್ಕಳು ಪುಸ್ತಕವನ್ನು ಓದದೆ ಬಾಯಿಪಾಠ ಒಪ್ಪಿಸತೊಡಗಿದರು. ಪರೀಕ್ಷೆಗೆ ಬಾರದ ವಿಷಯಗಳು ಮೂಲೆಗೆ ಸೇರಿದವು. ಇಂಗ್ಲಂಡಿನಲ್ಲಿ ಆ ಪದ್ಧತಿಯು ೧೮೯೭ರ ಹೊತ್ತಿಗೆ ಪೂರ್ತಿಯಾಗಿ ಕೊನೆಗೊಂಡಿತು. ಹಿಂದುಸ್ಥಾನ ಸರಕಾರವೂ ೧೯೦೪ರ ಶಿಕ್ಷಣ ನಿರ್ಣಯದಲ್ಲಿ ಅದರ ದೋಷವನ್ನು ಒಪ್ಪಿಕೊಂಡಿತು. ನಮ್ಮ ಹಿರಿಯರು ಶಾಲೆಯಲ್ಲಿ ಅನುಭವಿಸಿದ್ದನ್ನು ನಮ್ಮ ಬಾಲಕಿಯರು ಈಗ ಗಣಕಯಂತ್ರದ ಮುಂದೆ ಅನುಭವಿಸುತ್ತಿರುವರು.

ಇನ್ನು ಹಸಿರು ಚುಕ್ಕೆಯ ಮಾತು. ಇದು ಕೆಲಸದ ಅಳತೆಯೇ ಅಲ್ಲ, ಕುಳಿತಿರುವದರ ಅಳತೆ. ೨೦೨೦ರ ಮಹಾರೋಗದ ಕಾಲದಿಂದ ಮನೆಯಲ್ಲಿ ಕುಳಿತು ದುಡಿಯುವವರು ಹೆಚ್ಚಾದಂತೆ, ಕೀಲಿಮಣೆ ಒತ್ತುತ್ತಿರುವರೋ ಇಲ್ಲವೋ ಎಂದು ಕಾಯುವ ಸಾಧನಗಳೂ ಹೆಚ್ಚಿದವು. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿಯು ಹೊರತಂದ ಉತ್ಪಾದಕತೆಯ ಅಂಕವು ನೌಕರರನ್ನು ಹೆಸರು ಹಿಡಿದು ತೋರಿಸುತ್ತಿತ್ತು; ಜನರು ಆಕ್ಷೇಪಿಸಿದ್ದರಿಂದ ಡಿಸೆಂಬರದಲ್ಲಿ ಹೆಸರುಗಳನ್ನು ತೆಗೆದುಹಾಕಲಾಯಿತು. ೨೦೨೪ರಲ್ಲಿ ಅಮೇರಿಕೆಯ ವೆಲ್ಸ್ ಫಾರ್ಗೋ ಬ್ಯಾಂಕು, ಕೀಲಿಮಣೆ ಆಡಿಸುತ್ತಿರುವಂತೆ ನಟಿಸಿದರೆಂಬ ಕಾರಣದಿಂದ ಹನ್ನೆರಡಕ್ಕಿಂತ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆಯಿತು. ನಟನೆಯು ತಪ್ಪೇ ಸರಿ. ಆದರೆ ಅಲುಗಾಟವನ್ನೇ ದುಡಿಮೆಯೆಂದು ಎಣಿಸಿದವರು ನಟನೆಯನ್ನು ಕಲಿಸಿದವರಾಗಲಿಲ್ಲವೇ? ಜಾಂಬೋಟಿ, ಕಣಕುಂಬಿಗಳ ಕಡೆಗೆ ಆಷಾಢದ ಮಳೆಯಲ್ಲಿ ತಾಸುಗಟ್ಟಲೆ ವಿದ್ಯುತ್ತು ಇರದು. ಆ ಹೊತ್ತಿನಲ್ಲಿ ಹುಡುಗಿಯು ಕಾಗದದ ಮೇಲೆ ಗೀಚಿ ಕಠಿಣವಾದ ಸಮಸ್ಯೆಯನ್ನು ಬಿಡಿಸಿದರೂ ಅವಳ ಚುಕ್ಕೆಯು ಆರಿಯೇ ಇರುವದು.

ಈ ವಿಷಯದಲ್ಲಿ ಕಾಯಿದೆಯ ಆಸರೆ ಇನ್ನೂ ಎಳೆಯದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ತೀರ್ಪುಕೊಟ್ಟರು. ಅದರ ತರುವಾಯ ೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯಿದೆಯೂ ೨೦೨೫ರ ನವೆಂಬರದಲ್ಲಿ ಅದರ ನಿಯಮಗಳೂ ಬಂದವು. ಆದರೆ ಆ ಕಾಯಿದೆಯು ಉದ್ಯೋಗದ ಕಾರಣಕ್ಕಾಗಿ ನೌಕರರ ಮಾಹಿತಿಯನ್ನು ಅವರ ಸಮ್ಮತಿಯಿಲ್ಲದೆಯೂ ಬಳಸಲು ಎಡೆಕೊಡುತ್ತದೆ. ಆದ್ದರಿಂದ ಕೆಲಸಕ್ಕೆ ಸೇರುವಾಗಲೇ, ಏನನ್ನು ಎಣಿಸುವಿರಿ, ಯಾರು ನೋಡುವರು ಎಂದು ವಿನಯದಿಂದಲೂ ಸ್ಪಷ್ಟವಾಗಿಯೂ ಕೇಳಿಕೊಳ್ಳುವದು ಲೇಸು.

ಹಾಗಾದರೆ ಅಳತೆಯೇ ಬೇಡವೋ? ಹಾಗೆಂದು ನಾನು ಹೇಳೆನು. ನಮ್ಮ ಅನಿಸಿಕೆಯೂ ಎಷ್ಟೋ ಸಾರೆ ಮೋಸಮಾಡುವದು. ೨೦೨೫ರಲ್ಲಿ ಮೆಟರ್ ಎಂಬ ಸಂಶೋಧನ ಸಂಸ್ಥೆಯು ೧೬ ಜನ ಅನುಭವಸ್ಥರಿಗೆ ೨೪೬ ಕೆಲಸಗಳನ್ನು ಕೊಟ್ಟು, ಕೃತಕ ಬುದ್ಧಿಮತ್ತೆಯ ನೆರವಿನಿಂದಲೂ ನೆರವಿಲ್ಲದೆಯೂ ಮಾಡಿಸಿ ನೋಡಿತು. ನೆರವಿನಿಂದ ತಾವು ನೂರಕ್ಕೆ ೨೦ರಷ್ಟು ಬೇಗ ಮುಗಿಸಿದೆವೆಂದು ಅವರು ನಂಬಿದರು. ಗಡಿಯಾರವು ನೂರಕ್ಕೆ ೧೯ರಷ್ಟು ಹೆಚ್ಚು ಕಾಲ ಹಿಡಿಯಿತೆಂದು ತೋರಿಸಿತು. ಅಳೆಯದೆ ಇದ್ದರೆ ಈ ಭ್ರಮೆಯು ತಿಳಿಯುತ್ತಿರಲಿಲ್ಲ. ಅದಕ್ಕಾಗಿಯೇ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು ೨೦೨೧ರಲ್ಲಿ ಐದು ಮುಖಗಳನ್ನು ಕೂಡಿಯೇ ನೋಡಬೇಕೆಂದು ಸೂಚಿಸಿದರು: ಕೆಲಸಗಾರರ ತೃಪ್ತಿ ಮತ್ತು ಆರೋಗ್ಯ, ಕೆಲಸದ ಫಲ, ಚಟುವಟಿಕೆಯ ಪ್ರಮಾಣ, ಪರಸ್ಪರ ಸಹಕಾರ, ಅಡ್ಡಿಯಿಲ್ಲದೆ ಕೆಲಸ ಸಾಗುವ ಬಗೆ. ಒಂದೇ ಅಂಕೆಯಿಂದ ಯಾರನ್ನೂ ತೂಗಬಾರದೆಂಬದು ಅವರ ಅಭಿಪ್ರಾಯ.

ಆ ಖಾನಾಪುರದ ಮಗಳ ಕಥೆಯನ್ನು ಮುಗಿಸುವೆನು. ಅವಳ ತಂಡದ ಪಟ್ಟಿಯಲ್ಲಿ ಒಂದು ತಿಂಗಳು ಅವಳ ಹೆಸರು ಎಲ್ಲರಿಗಿಂತ ಕೆಳಗೆ ಬಂದಿತಂತೆ. ಗ್ರಾಹಕರ ಹಣವು ಆಗಾಗ ಎರಡು ಸಾರೆ ಕಡಿತವಾಗುವ ದೋಷವೊಂದನ್ನು ಅವಳು ಹನ್ನೊಂದು ದಿನ ಹುಡುಕಿದ್ದಳು. ತಿದ್ದಿದ್ದು ಮೂರೇ ಸಾಲು. ಉಳಿದ ದಿನಗಳಲ್ಲಿ ಹೊಸದಾಗಿ ಸೇರಿದ ಇಬ್ಬರ ಬರಹವನ್ನು ಓದಿ ತಿದ್ದಿ ಕೊಟ್ಟಿದ್ದಳು. ಆ ಕೆಲಸಕ್ಕೆ ಅಲ್ಲಿ ಅಂಕವೇ ಇರಲಿಲ್ಲ. ಅವಳು ರಾಜೀನಾಮೆಯನ್ನು ಬರೆದು ಇಟ್ಟಿದ್ದಳು. ಆ ಮೇಲೆ ಮನಸ್ಸು ಬದಲಾಯಿಸಿ, ಆ ತಿಂಗಳ ಕೆಲಸದ ದಿನಚರಿಯನ್ನು ಒಂದು ಪುಟದಲ್ಲಿ ಬರೆದು ಮೇಲಧಿಕಾರಿಗೆ ಕಳಿಸಿದಳು. ಪಟ್ಟಿಯು ನಿಲ್ಲಲಿಲ್ಲ, ಆದರೆ ಇನ್ನೊಬ್ಬರ ಬರಹವನ್ನು ಪರಿಶೀಲಿಸಿದ್ದಕ್ಕೂ ಅದರಲ್ಲಿ ಈಗ ಒಂದು ಸ್ಥಾನವಿದೆ.

ಇದನ್ನು ಕೇಳುತ್ತಿರುವಾಗ ನಾನು ನಾಚಿಕೊಂಡೆನು. ಮುಖ್ಯೋಪಾಧ್ಯಾಯಿನಿಯಾದ ಹೊಸತರಲ್ಲಿ ನಾನೂ ಒಂದು ಪಟ್ಟಿಯನ್ನು ಇಟ್ಟಿದ್ದೆನು: ಯಾವ ಶಿಕ್ಷಕಿಯು ವಾರಕ್ಕೆ ಎಷ್ಟು ವಹಿಗಳನ್ನು ತಿದ್ದಿದಳೆಂದು. ಮೊದಲಲ್ಲಿ ಬಂದವರ ವಹಿಗಳಲ್ಲಿ ಕೆಂಪು ಗೆರೆಯ ಹೊರತು ಬೇರೇನೂ ಇರಲಿಲ್ಲ. ಕೊನೆಯಲ್ಲಿ ಬಂದ ಶಿಕ್ಷಕಿಯು ಶಾಲೆ ಬಿಟ್ಟ ಮೇಲೆ ಹಿಂದುಳಿದ ನಾಲ್ವರು ಹುಡುಗಿಯರನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು, ತಪ್ಪು ಏಕಾಯಿತೆಂದು ತೋರಿಸುತ್ತಿದ್ದಳು. ಸಭೆಯಲ್ಲಿ ಎಲ್ಲರೆದುರಿಗೆ ನಾನು ಅವಳಿಗೆ ಎಚ್ಚರಿಕೆ ಕೊಟ್ಟೆನು. ಅವಳು ಎದುರಾಡಲಿಲ್ಲ. ಆ ನಾಲ್ವರೂ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ತೇರ್ಗಡೆಯಾದಾಗ ನನಗೆ ಬುದ್ಧಿ ಬಂದಿತು. ಅವಳ ಕ್ಷಮೆಯನ್ನು ಬೇಡಿ ಪಟ್ಟಿಯನ್ನು ಹರಿದೆನು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ತಂಡಗಳ ಮುಖ್ಯಸ್ಥೆಯರಾಗಿರುವರು. ಅವರಿಗೆ ನನ್ನ ವಿಜ್ಞಾಪನೆ: ತಂಡವನ್ನು ಅಳೆಯಿರಿ, ವ್ಯಕ್ತಿಗಳನ್ನು ಸಾಲುಗಟ್ಟಿ ನಿಲ್ಲಿಸಬೇಡಿರಿ. ವೇಗವನ್ನು ಅಳೆದಲ್ಲಿ ಭದ್ರತೆಯನ್ನೂ ಅಳೆಯಿರಿ. ಅಳೆಯಲ್ಪಡುವವರಿಗೆ ಅಳತೆಯನ್ನು ಮುಚ್ಚಿಡಬೇಡಿರಿ. ಅಂಕೆಯು ಕೆಳಗಿಳಿದರೆ ತೀರ್ಪು ಕೊಡುವ ಮೊದಲು ಅವರನ್ನು ಕರೆದು ಕೇಳಿರಿ. ಪಾಲಕರಿಗೂ ಒಂದು ಮಾತು: ಮನೆಯಲ್ಲಿರುವ ಮಗಳು ಗೋಡೆಯನ್ನು ನೋಡುತ್ತ ಸುಮ್ಮನೆ ಕುಳಿತಿದ್ದರೆ ಅವಳು ಬಿಡುವಾಗಿರುವಳೆಂದು ತಿಳಿಯಬೇಡಿರಿ, ಅವಳ ಕೆಲಸದ ಕಠಿಣವಾದ ಭಾಗವು ಆಗಲೇ ನಡೆಯುತ್ತಿರಬಹುದು.

ದೇವಾಲಯದ ಕಾಣಿಕೆಯ ಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯ ಸಂಗತಿಯನ್ನು ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಪೆಟ್ಟಿಗೆಯ ಲೆಕ್ಕದಲ್ಲಿ ಅವಳದು ಎಲ್ಲಕ್ಕೂ ಕಡಿಮೆ. ಎದುರಿಗೆ ಕುಳಿತು ನೋಡುತ್ತಿದ್ದಾತನಿಗೆ ಮಾತ್ರ ಅವಳು ಎಷ್ಟರಲ್ಲಿ ಎಷ್ಟು ಕೊಟ್ಟಳೆಂಬದು ತಿಳಿದಿತ್ತು. ಆ ತಾಯಿಯವರು ಈ ಸಂಚಿಕೆಯನ್ನು ಓದುವರೆಂದು ನಂಬಿರುತ್ತೇನೆ. ಅವರ ಪ್ರಶ್ನೆಗೆ ತಡವಾಗಿಯಾದರೂ ಇದೇ ನನ್ನ ಉತ್ತರ.