ರಗ್ಬಿಯ ‘ಮಾಲ್’: ತೂಕವೋ, ಲೆಕ್ಕಾಚಾರವೋ?

ಹತ್ತು ಹದಿನೈದು ಮಂದಿ ಧಡೂತಿ ಆಟಗಾರರು ಒಬ್ಬರಿಗೊಬ್ಬರು ಅಂಟಿಕೊಂಡು ನೂಕಾಡುವುದನ್ನು ಕಂಡರೆ, ರಗ್ಬಿಯ ಪರಿಚಯವಿಲ್ಲದವರಿಗೆ ಇದು ಆಟವೋ ಕಾದಾಟವೋ ಎಂಬ ಅನುಮಾನ ಬರುವುದು ಸಹಜ. ಈ ನೂಕಾಟಕ್ಕೆ ‘ಮಾಲ್’ ಎಂದು ಹೆಸರು. (ನಗರಗಳ ಅಂಗಡಿ ಸಂಕೀರ್ಣಕ್ಕೂ ಇದಕ್ಕೂ ಸಂಬಂಧವಿಲ್ಲ!) ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿ ನಿಲ್ಲಿಸುತ್ತಾನೆ, ಚೆಂಡಿನವನ ಸಂಗಡಿಗನೊಬ್ಬ ಬಂದು ಅವನನ್ನು ಬಿಗಿದಪ್ಪುತ್ತಾನೆ. ಮೂವರೂ ಕಾಲ ಮೇಲೆ ನಿಂತಿದ್ದರೆ ಮಾಲ್ ಶುರುವಾಯಿತು. ಉಳಿದವರು ತಮ್ಮ ತಮ್ಮ ಕಡೆಯ ಹಿಂಬದಿಯಿಂದ ಬಂದು ಸೇರಿ ನೂಕುತ್ತಾರೆ. ಎದುರಾಳಿಯ ಗೋಲು ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, ಅಂದರೆ 5 ಅಂಕ.

ಇಂಥ ನೂಕಾಟದಲ್ಲಿ ತೂಕದವರದೇ ಮೇಲುಗೈ ಅಲ್ಲವೇ? ಹೌದೆನ್ನುವವರು 2015ರ ವಿಶ್ವಕಪ್ಪನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಜಪಾನಿಗೆ ಎದುರಾದದ್ದು ಎರಡು ಬಾರಿಯ ಚಾಂಪಿಯನ್ ದಕ್ಷಿಣ ಆಫ್ರಿಕ. ಜಪಾನ್ ಅದುವರೆಗೆ ವಿಶ್ವಕಪ್ಪುಗಳಲ್ಲಿ ಗೆದ್ದಿದ್ದದ್ದು ಒಂದೇ ಒಂದು ಪಂದ್ಯ, ಅದೂ 1991ರಲ್ಲಿ. ದಕ್ಷಿಣ ಆಫ್ರಿಕದ ದೈತ್ಯರು ಮಾಲ್ ಕಟ್ಟಿ ಮೊದಲ ಟ್ರೈ ಗಳಿಸಿದಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಸ್ವಲ್ಪ ಹೊತ್ತಿಗೆ ಜಪಾನೀಯರೂ ಮಾಲ್ ಕಟ್ಟಿ, ಅದೇ ದೈತ್ಯರನ್ನು ಹಿಂದಕ್ಕೆ ನೂಕಿ, ನಾಯಕ ಮೈಕೆಲ್ ಲೀಚ್ ಮೂಲಕ ಟ್ರೈ ಗಳಿಸಿದರಲ್ಲ, ಆಗ ಪ್ರೇಕ್ಷಕರು ಕಣ್ಣುಜ್ಜಿಕೊಂಡರು! ಕೊನೆಗೆ ಜಪಾನ್ 34-32ರಿಂದ ಗೆದ್ದಿತು. ಎಡ್ಡಿ ಜೋನ್ಸ್ ಅದರ ಮುಖ್ಯ ತರಬೇತುದಾರ. ಮುಂಪಡೆಯ ಆಟಗಾರರನ್ನು ಪಳಗಿಸಿದವರು ಇಂಗ್ಲೆಂಡಿನ ಮಾಜಿ ನಾಯಕ ಸ್ಟೀವ್ ಬೋರ್ತ್‌ವಿಕ್.

ಪಳಗಿಸುವುದೆಂದರೆ ಏನನ್ನು? ಹತ್ತನೆಯ ತರಗತಿಯ ಭೌತಶಾಸ್ತ್ರ ಗೊತ್ತಿದ್ದವರಿಗೆ ಉತ್ತರ ಕಷ್ಟವಲ್ಲ. ಆಟಗಾರ ಎದುರಾಳಿಯನ್ನು ನೂಕುವುದು ಭುಜದಿಂದಲೇ ಆದರೂ ಆ ಬಲ ಹುಟ್ಟುವುದು ಪಾದದಡಿಯಲ್ಲಿ. ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಅಷ್ಟೇ ಬಲದಿಂದ ಅವನನ್ನು ಮುಂದಕ್ಕೆ ಒತ್ತುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಹಾಗಾಗಿ ಪಾದ ಜಾರಿತೆಂದರೆ ಭುಜಬಲ ಎಷ್ಟಿದ್ದರೂ ವ್ಯರ್ಥ. ‘ದೊಡ್ಡ ಹೆಜ್ಜೆ ಬೇಡ, ಗಿಡ್ಡ ಹೆಜ್ಜೆ ಇಡು’ ಎಂದು ತರಬೇತುದಾರರು ಗಂಟಲು ಹರಿದುಕೊಳ್ಳುವುದು ಇದಕ್ಕೇ. ಹೆಜ್ಜೆ ದೊಡ್ಡದಾದಷ್ಟೂ ಒಂಟಿ ಕಾಲಿನಲ್ಲಿ ನಿಲ್ಲುವ ಹೊತ್ತು ಹೆಚ್ಚು.

ಎರಡನೆಯದು ಎತ್ತರ. ಸೊಂಟ ತಗ್ಗಿಸಿ, ಬೆನ್ನು ನೇರವಾಗಿಟ್ಟು, ಎದುರಾಳಿಯ ಎದೆಯ ಕೆಳಗಿನಿಂದ ನೂಕಿದರೆ ಬಲದ ಒಂದು ಪಾಲು ಅವನನ್ನು ಮೇಲಕ್ಕೆತ್ತುತ್ತದೆ. ಅವನು 100 ಕಿಲೋ ತೂಗುತ್ತಾನೆ ಎಂದಿಟ್ಟುಕೊಳ್ಳಿ; ನೆಲದ ಮೇಲೆ ಅವನ ಭಾರ ಸುಮಾರು 980 ನ್ಯೂಟನ್. ಅದರಲ್ಲಿ 300 ನ್ಯೂಟನ್ನಿನಷ್ಟನ್ನು ಮೇಲಕ್ಕೆತ್ತಿದರೆ ಉಳಿಯುವುದು 680 ಮಾತ್ರ. ಅವನ ಪಾದಕ್ಕೆ ಸಿಗುವ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆ 300 ನ್ಯೂಟನ್ ಎಲ್ಲಿ ಹೋಯಿತು? ನೂಕುವವನ ಪಾದಕ್ಕೆ ಸೇರಿ ಅವನ ಹಿಡಿತವನ್ನು ಹೆಚ್ಚಿಸಿತು! ಬೂಟಿನ ಮೊಳೆಗಳು ಹುಲ್ಲುನೆಲವನ್ನು ಕಚ್ಚುವುದರಿಂದ ನಿಜವಾದ ಲೆಕ್ಕ ಇಷ್ಟು ಸರಳವಲ್ಲ, ಆದರೆ ದಿಕ್ಕು ಇದೇ. ಕಬಡ್ಡಿಯಲ್ಲಿ ತಗ್ಗಿ ನಿಂತವನನ್ನು ಅಲುಗಿಸುವುದು ಎಷ್ಟು ಕಷ್ಟವೆಂದು ನಮ್ಮ ಹುಡುಗರಿಗೆ ಹೇಳಿಕೊಡಬೇಕಿಲ್ಲ.

ಮೂರನೆಯದು ದಿಕ್ಕು. ಒಬ್ಬೊಬ್ಬರೂ 500 ನ್ಯೂಟನ್ ಬಲ ಹಾಕಿದರೆ ಎಂಟು ಮಂದಿಯದು 4000. ಆದರೆ ಎಲ್ಲರೂ ನೇರ ಮುಂದಕ್ಕೆ, ಒಂದೇ ಕ್ಷಣದಲ್ಲಿ ನೂಕಿದರೆ ಮಾತ್ರ. ಪಕ್ಕದಲ್ಲಿ ಸೇರಿಕೊಂಡವನು 60 ಡಿಗ್ರಿ ಓರೆಯಾಗಿ ನೂಕಿದರೆ ಮುಂದಕ್ಕೆ ಸಿಗುವುದು ಅವನ ಬಲದ ಅರ್ಧ ಮಾತ್ರ. ತೇರೆಳೆಯುವಾಗ ಎಲ್ಲರೂ ಒಂದೇ ಕೂಗಿಗೆ ಹಗ್ಗ ಜಗ್ಗುವುದಿಲ್ಲವೇ? ಮಾಲ್‌ನಲ್ಲೂ ಅಂಥ ಕೂಗು ಹಾಕಲು ಒಬ್ಬನಿರುತ್ತಾನೆ. ಇದೆಲ್ಲ ಒಂದೇ ದಿನಕ್ಕೆ ಬರುವಂಥದಲ್ಲ. ಮೊದಲು ಒಬ್ಬನಿಗೆದುರು ಒಬ್ಬ, ಆಮೇಲೆ ಮೂವರು, ಐವರು. ಮೊದಲು ನಡಿಗೆಯ ವೇಗ, ನಂತರ ಪೂರ್ಣ ಬಲ. ಚೆಂಡನ್ನು ಕೈಯಿಂದ ಕೈಗೆ ಹಿಂದಕ್ಕೆ ಸಾಗಿಸಿ, ಎದುರಾಳಿಗೆ ಎಟುಕದಂತೆ ಬಾಲದವನ ಬಳಿ ಇಡುವುದನ್ನೂ ಕಲಿಯಬೇಕು.

ಅಪಾಯವಿಲ್ಲವೇ ಎಂದು ತಂದೆತಾಯಂದಿರು ಕೇಳಬಹುದು. ಇದೆ, ಮಾಲ್ ಕುಸಿದರೆ ಅಡಿಯಲ್ಲಿರುವವರ ಮೇಲೆ ನೂರಾರು ಕಿಲೋ ಬೀಳುತ್ತದೆ. ಆದ್ದರಿಂದಲೇ ಬೇಕೆಂದು ಮಾಲ್ ಕೆಡವಿದವರಿಗೆ ದಂಡನೆ. 2008ರಲ್ಲಿ ಪ್ರಯೋಗವೆಂದು ಕೆಡವಲು ಅವಕಾಶ ಕೊಟ್ಟು, ಮರುವರ್ಷವೇ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮಾಲ್ ಸೇರುವವನ ತಲೆ ಮತ್ತು ಭುಜ ಅವನ ಸೊಂಟಕ್ಕಿಂತ ಕೆಳಗಿರಬಾರದೆಂಬ ನಿಯಮವೂ ಕತ್ತಿನ ರಕ್ಷಣೆಗೇ. ಸೊಂಟ ತಗ್ಗಿಸು ಎಂದು ಹೇಳಿಕೊಡುವವರು, ತಲೆ ತಗ್ಗಿಸಬೇಡ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಬ್ರೈಟನ್ ಪಂದ್ಯ ಮುಗಿದು ಸರಿಯಾಗಿ ಒಂದು ವಾರಕ್ಕೆ, ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ ಆತಿಥೇಯ ಇಂಗ್ಲೆಂಡ್ ತಂಡ ವೇಲ್ಸ್ ಎದುರು 25-28ರಿಂದ ಹಿಂದಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷ. ಆಗ ಪೆನಾಲ್ಟಿ ಸಿಕ್ಕಿತು. ಗೋಲಿಗೆ ಒದ್ದು 3 ಅಂಕ ಪಡೆದರೆ ಪಂದ್ಯ ಸಮ. ನಾಯಕ ಕ್ರಿಸ್ ರಾಬ್‌ಷಾ ಗೆಲುವನ್ನೇ ಬಯಸಿ, ಚೆಂಡನ್ನು ಮೂಲೆಯ ಬದಿಗೆರೆಯಾಚೆ ಒದೆಸಿದರು. ಅಲ್ಲಿಂದ ಲೈನ್‌ಔಟ್, ಅಂದರೆ ಎದುರುಬದುರು ಸಾಲುಗಟ್ಟಿ ನಿಂತವರ ನಡುವೆ ಚೆಂಡನ್ನು ಒಳಗೆಸೆಯುವುದು. ಚೆಂಡು ಹಿಡಿದೊಡನೆ ಮಾಲ್ ಕಟ್ಟಿ ಗೆರೆ ದಾಟುವುದು ಇಂಗ್ಲೆಂಡಿನ ಲೆಕ್ಕ. ಆದರೆ ಚೆಂಡನ್ನು ಎಸೆದದ್ದು ಸಾಲಿನ ಮುಂಭಾಗಕ್ಕೆ. ಅಲ್ಲಿಂದ ಬದಿಗೆರೆ ಕೇವಲ 5 ಮೀಟರ್. ವೇಲ್ಸ್‌ನವರು ಆ ಮಾಲನ್ನು ಹಿಂದಕ್ಕೆ ನೂಕುವ ಗೋಜಿಗೇ ಹೋಗಲಿಲ್ಲ, ಪಕ್ಕಕ್ಕೆ ನೂಕಿದರು. ಮಾಲ್ ಚೆಂಡಿನ ಸಮೇತ ಗೆರೆಯಾಚೆ ಹೋಯಿತು. ಇಂಗ್ಲೆಂಡ್ ಸೋತಿತು, ಮುಂದಿನ ವಾರ ಆಸ್ಟ್ರೇಲಿಯಕ್ಕೂ ಸೋತು, ತನ್ನದೇ ನೆಲದ ವಿಶ್ವಕಪ್ಪಿನಲ್ಲಿ ಗುಂಪಿನ ಹಂತದಲ್ಲೇ ಹೊರಬಿತ್ತು.

ಆ ವರ್ಷ ಮುಗಿಯುವುದರೊಳಗೆ ಇಂಗ್ಲೆಂಡ್ ಎಡ್ಡಿ ಜೋನ್ಸ್ ಅವರನ್ನೂ, ಅವರ ಹಿಂದೆಯೇ ಬೋರ್ತ್‌ವಿಕ್ ಅವರನ್ನೂ ತನ್ನ ತಂಡದ ತರಬೇತಿಗೆ ನೇಮಿಸಿಕೊಂಡಿತು.